ಕಣ್ಣಿಗೆ ಸುಣ್ಣ: ತಲೆ ಹಿಡಿದ ಕೈಗಳು

“ಊದು ಅಂದೆ. ಹೀರು ಅನ್ನಲಿಲ್ಲ.”

ದಪ್ಪ ಪೇದೆ ಬಾಯಲ್ಲಿದ್ದ ಸ್ಟ್ರಾವನ್ನು ಚೇಳು ಮುಟ್ಟಿದವನಂತೆ ಕಿತ್ತು ತೆಗೆದ. “ಮೊದಲೇ ಹೇಳಬಾರದಾ ಮೇಡಂ? ಮೇಷ್ಟ್ರ ಕಣ್ಣು ತೆಗೆದಿದ್ದು ಇದೇ ಆದ್ರೆ ನನ್ನ ನಾಲಿಗೆ ಗತಿ ಏನು?”

“ನಿನ್ನ ನಾಲಿಗೆ ಹೋದ್ರೆ ಠಾಣೆಗೆ ನೆಮ್ಮದಿ. ಊದು.”

ಪೇದೆ ಕಣ್ಣು ಮುಚ್ಚಿಕೊಂಡು ಊದಿದ. ಗಾಜಿನ ಲೋಟದ ತಳದಿಂದ ಗುಳ್ಳೆಗಳು ಎದ್ದವು. ಲೋಟದಲ್ಲಿದ್ದದ್ದನ್ನು ಯಾರು ನೋಡಿದರೂ ನೀರು ಎನ್ನಬೇಕು, ಅಷ್ಟು ತಿಳಿಯಾಗಿತ್ತು. ಇನ್ಸ್‌ಪೆಕ್ಟರಮ್ಮ ಮನಸ್ಸಿನಲ್ಲೇ ಎಣಿಸತೊಡಗಿದರು. ಹದಿನೈದಕ್ಕೆ ಬರುವಷ್ಟರಲ್ಲಿ ಆ ತಿಳಿನೀರು ಮಂಕಾಯಿತು. ಮೂವತ್ತಕ್ಕೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು.

“ಸಾಕು. ಬಾಯಿ ತೊಳ್ಕೋ.”

ಸುಣ್ಣದ ತಿಳಿ. ಸುಣ್ಣವನ್ನು ನೀರಿನಲ್ಲಿ ಕದಡಿ ಒಂದು ದಿನ ಬಿಟ್ಟರೆ ಗಸಿ ತಳಕ್ಕಿಳಿಯುತ್ತದೆ, ಮೇಲೆ ನಿಲ್ಲುವುದು ನೋಡಲು ಶುದ್ಧ ನೀರು. ಮನುಷ್ಯನ ಉಸಿರು ತಾಗಿದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ.

ಹತ್ತು ದಿನದ ಹಿಂದೆ, ಹಳೆಯ ಓಣಿಯ ಕಮಾನಿಗೆ ಸುಣ್ಣ ಬಳಿಯುತ್ತಿದ್ದ ಬೋರ್ಡ್ ಮೇಷ್ಟ್ರ ಕಣ್ಣಿಗೆ ಸುಣ್ಣ ಸಿಡಿದಾಗ, ಓಣಿಯನ್ನು ಚೊಕ್ಕ ಮಾಡಲು ಹೊರಟಿದ್ದ ಓಣಿ ಬಳಗದವರು ಅವರನ್ನು ನೆಲಕ್ಕೆ ಮಲಗಿಸಿ, ಈಗ ಲೋಟದ ಪಕ್ಕದಲ್ಲಿದ್ದ ಈ ಬಾಟಲಿಯಿಂದಲೇ ಕಣ್ಣು ತೊಳೆದಿದ್ದರು. ತಳದಲ್ಲಿ ಉಳಿದಿದ್ದರಲ್ಲಿ ಒಂದಷ್ಟು ಈಗ ಲೋಟದಲ್ಲಿತ್ತು.

“ಚರಂಡಿ ನೀರಲ್ಲಿ ತೊಳೆದಿದ್ರೂ ಒಂದು ಕಣ್ಣಾದ್ರೂ ಉಳೀತಿತ್ತು,” ಎಂದಿದ್ದರು ಡಾಕ್ಟರು.

ಪೇದೆ ಬಾಯಿ ಒರೆಸಿಕೊಳ್ಳುತ್ತಾ ಬಂದ. “ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರೆ. ಪಾಪ, ಆ ಪುಣ್ಯಾತ್ಮನಿಗೆ ಎರಡಕ್ಕೂ ಸುಣ್ಣವೇ ಬಿತ್ತಲ್ಲ ಮೇಡಂ.”

ಇನ್ಸ್‌ಪೆಕ್ಟರಮ್ಮ ನಗಲಿಲ್ಲ. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೆತ್ತನೆಯ ಪ್ಲಾಸ್ಟಿಕ್ಕು, ಒತ್ತಿದರೆ ಮೂತಿಯಿಂದ ಚಿಮ್ಮುವಂಥದ್ದು. ಆ ಮೂತಿಯ ಸುತ್ತ ಉಗುರಿನಷ್ಟು ದಪ್ಪದ ಬಿಳಿ ಹಕ್ಕಳೆ ಕಟ್ಟಿತ್ತು. ಗಡಿಬಿಡಿಯಲ್ಲಿ ತಪ್ಪಿ ತುಂಬಿದ ಬಾಟಲಿಗೆ ಹಕ್ಕಳೆ ಕಟ್ಟುವುದಿಲ್ಲ. ಯಾರೋ ಇದನ್ನು ತುಂಬಿ, ಮುಚ್ಚಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿಟ್ಟು, ದಿನಗಟ್ಟಲೆ ಕಾದಿದ್ದರು.

“ಈ ವಿಷಯ ಡಾಕ್ಟರನ್ನ ಬಿಟ್ರೆ ನಮ್ಮಿಬ್ಬರಿಗೆ ಮಾತ್ರ ಗೊತ್ತು. ಬಳಗದವರ ಕಿವಿಗೆ ಬಿದ್ರೆ ಊದೋಕೆ ಇನ್ನೂ ಬಾಟಲಿ ಇದೆ.”

“ನಾನು ಕಲ್ಲು ಮೇಡಂ,” ಎಂದ ಪೇದೆ.

ಅವರು ಕೂತಿದ್ದದ್ದು ಬಳಗದ ಕಚೇರಿಯಲ್ಲಿ. ಎರಡು ವರ್ಷದ ಹಿಂದೆ ಹೆಗ್ಗಣಗಳ ಮನೆಯಾಗಿದ್ದ ವಾಚನಾಲಯ ಅದು. ಬಳಗದವರೇ ಹೆಂಚು ಹೊದಿಸಿ, ಕಿಟಕಿಗೆ ಗಾಜು ಕೂರಿಸಿ, ನೆಲ ಉಜ್ಜಿದ್ದರು. ಗೋಡೆಯ ತುಂಬ ಫೋಟೋಗಳು: ಮೊದಲು ಕಸದ ಗುಡ್ಡೆ, ಆಮೇಲೆ ಕಲ್ಲುಬೆಂಚು, ಮೊದಲು ಮುರಿದ ನಲ್ಲಿ, ಆಮೇಲೆ ನಲ್ಲಿಯ ಸುತ್ತ ನಗುವ ಜನ. ಮುನ್ನೂರು ವರ್ಷದ ಓಣಿಗೆ ಮತ್ತೆ ಜೀವ ಬಂದಿದೆ ಎಂದು ಪತ್ರಿಕೆಯವರು ಬರೆದದ್ದನ್ನೂ ಕಟ್ಟು ಹಾಕಿಸಿದ್ದರು.

ಬಾಗಿಲ ಪಕ್ಕ ಹನ್ನೊಂದು ಮೊಳೆ, ಹತ್ತು ರಕ್ಷಣೆ ಕನ್ನಡಕ. ಏಳನೆಯ ಮೊಳೆ ಖಾಲಿ. ಏಳು ಬೋರ್ಡ್ ಮೇಷ್ಟ್ರ ನಂಬರು.

ಇನ್ಸ್‌ಪೆಕ್ಟರಮ್ಮ ಬಾಗಿಲು ತೆಗೆದಾಗ ಬಳಗದ ಮುಖ್ಯಸ್ಥೆ ಟೀಚರಮ್ಮ ಅಂಗಳದಾಚೆ, ಹಸಿರು ಪಟ್ಟಿಯ ಚಪ್ಪಲಿ ಮೆಟ್ಟಿ ಕಾಯುತ್ತಿದ್ದರು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಹೆಂಗಸು. ಈಗಲೂ ಎಲ್ಲರ ಜೊತೆ ಎರಡನೇ ಕ್ಲಾಸಿನ ಮಕ್ಕಳೊಡನೆ ಆಡುವ ಹಾಗೆಯೇ ಮಾತು.

“ಕನ್ನಡಕದ ಜವಾಬ್ದಾರಿ ಯಾರದ್ದು ಟೀಚರಮ್ಮ?”

“ಟೈಲರ್‌ದು. ಎಲಾಸ್ಟಿಕ್ ಸಡಿಲ ಆದ್ರೆ ಅವನೇ ಹೊಲಿಯೋದು. ಆದ್ರೆ ಅವನು ಸಾಧು ಪ್ರಾಣಿ. ನಮ್ಮ ಬಳಗದಲ್ಲಿ ಒಂದು ಇರುವೆಗೂ ನೋವು ಮಾಡೋರು ಯಾರೂ ಇಲ್ಲ.”

“ಹೌದು,” ಎಂದರು ಇನ್ಸ್‌ಪೆಕ್ಟರಮ್ಮ. “ಒಂಬತ್ತು ಹೇಳಿಕೆಗಳಲ್ಲೂ ಅದೇ ವಾಕ್ಯ ಇದೆ. ಇರುವೆ ಸಮೇತ.”

* * *

ಟೈಲರನ ಅಂಗಡಿ ಓಣಿಯ ಉದ್ದ ಗೋಡೆಗೆ ಎದುರಾಗಿತ್ತು.

ಆ ಗೋಡೆಯೇ ಬಳಗದ ಹೆಮ್ಮೆ. ನಲವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದ ಮೇಷ್ಟ್ರು ಓಣಿಯ ಜನರ ಮುಖಗಳನ್ನೆಲ್ಲ ಅದರ ಮೇಲೆ ಬರೆದಿದ್ದರು. ಎದುರು ಬದುರು ಮನೆಯವರೂ ಮಾತು ಬಿಟ್ಟಿದ್ದ ಓಣಿಯಲ್ಲಿ, ಗೋಡೆಯ ಮೇಲಾದರೂ ಎಲ್ಲರೂ ಒಟ್ಟಿಗಿರಲಿ ಎಂಬುದು ಅವರ ಆಸೆ. ನಲವತ್ಮೂರು ಮುಖ. ಮೇಷ್ಟ್ರು ಯಾರಿಗೂ ದಾಕ್ಷಿಣ್ಯ ತೋರಿಸಿರಲಿಲ್ಲ. ಉಬ್ಬುಹಲ್ಲಿಗೆ ಉಬ್ಬುಹಲ್ಲು, ಬೋಳಿಗೆ ಬೋಳು.

ನಡುವೆ ಟೈಲರನ ಮಗಳು. ಕಿವಿಯಿಂದ ಗಲ್ಲದವರೆಗೆ ಸುಕ್ಕುಗಟ್ಟಿದ ಸುಟ್ಟ ಚರ್ಮ, ಕೆಳಕ್ಕೆ ಎಳೆದ ಒಂದು ಕಣ್ಣು. ಮೂರಡಿ ಎತ್ತರದಲ್ಲಿ, ಪ್ರತಿಯೊಂದು ಗೆರೆ ಸಮೇತ.

ಇನ್ಸ್‌ಪೆಕ್ಟರಮ್ಮ ಅಂಗಡಿಯೊಳಗೆ ಬಂದಾಗ ಟೈಲರ್ ಬಟ್ಟೆ ಕತ್ತರಿಸುತ್ತಿದ್ದ. ಒಳಕೋಣೆಯಿಂದ ಹೊಲಿಗೆ ಮಷೀನಿನ ಸದ್ದು ಬರುತ್ತಿತ್ತು. ಪೇದೆ ಹೇಳದೆ ಕೇಳದೆ ಡ್ರಾಯರುಗಳನ್ನು ಎಳೆಯತೊಡಗಿದ. ಗುಂಡಿಗಳು, ದಾರದ ಉಂಡೆ, ಮುರಿದ ಸೂಜಿ. ಮೂರನೇ ಡ್ರಾಯರಿನಲ್ಲಿ, ಲೈನಿಂಗ್ ಬಟ್ಟೆಯ ಕೆಳಗೆ, ಏಳನೇ ನಂಬರಿನ ಕನ್ನಡಕ.

ಎಲಾಸ್ಟಿಕ್ ಗಟ್ಟಿಯಾಗಿಯೇ ಇತ್ತು.

“ರಿಪೇರಿಗೆ ಬಂದಿತ್ತಾ?” ಎಂದರು ಇನ್ಸ್‌ಪೆಕ್ಟರಮ್ಮ.

ಟೈಲರನ ಕೈಯಲ್ಲಿ ಕತ್ತರಿ ನಿಂತಿತು. “ಅದು… ಮರೆತುಹೋಯ್ತು ಮೇಡಂ.”

“ಆ ಭಾನುವಾರ ಮೇಷ್ಟ್ರು ಬರಿಗಣ್ಣಲ್ಲಿ ಏಣಿ ಹತ್ತಿದ್ರು. ತಲೆ ಮೇಲೆ ಕಮಾನು, ಕೈಯಲ್ಲಿ ಸುಣ್ಣದ ಬ್ರಷ್ಷು. ಹನಿ ಕಣ್ಣಿಗೆ ಬೀಳದೆ ಇನ್ನೆಲ್ಲಿ ಬೀಳುತ್ತೆ? ಏಣಿ ಹಿಡ್ಕೊಂಡು ಕೆಳಗೆ ನಿಂತಿದ್ದೋನು ನೀನೇ ಅಲ್ವಾ?”

“ಎರಡು ದಿನ ಕಣ್ಣು ಉರೀಲಿ ಅಂತ ಮಾಡ್ದೆ!” ಮಾತು ಅವನ ಬಾಯಿಂದ ತಾನಾಗಿ ಹಾರಿತು. “ಅಷ್ಟೇ ಮೇಡಂ. ಎರಡೇ ದಿನ. ನನ್ನ ಮಗಳ ಮುಖಾನ ಬೀದಿಗೆ ಹಾಕಿದ್ನಲ್ಲ! ಮೂರು ವರ್ಷದ ಕೂಸಾಗಿದ್ದಾಗ ಇದೇ ಅಂಗಡೀಲಿ ಇಸ್ತ್ರಿ ಪೆಟ್ಟಿಗೆ ಕೆಂಡ ಬಿದ್ದು ಸುಟ್ಟಿದ್ದು. ನನ್ನ ಕೈಯಿಂದಲೇ. ಇಪ್ಪತ್ತು ವರ್ಷ ಸೆರಗಲ್ಲಿ ಮುಚ್ಕೊಂಡು ಓಡಾಡ್ತಿದ್ದೋಳನ್ನ ಗೋಡೆಗೆ ಹಚ್ಚಿದ. ಬಂದೋರೆಲ್ಲ ಪಕ್ಕ ನಿಂತು ಫೋಟೋ ತೆಗೀತಾರೆ. ನೋಡೋಕೆ ಬಂದ ಗಂಡಿನ ಕಡೆಯವರು ಗೋಡೆ ನೋಡಿ ಹಾಗೇ ಹಿಂದಕ್ಕೆ ಹೋದ್ರು, ಮನೆ ಒಳಗೂ ಬರಲಿಲ್ಲ.”

“ಅದಕ್ಕೆ ಕಣ್ಣು ಕಿತ್ತೆ.”

“ಇಲ್ಲ! ಕನ್ನಡಕ ಮಾತ್ರ ನಾನು. ಬಾಟಲಿ ನಾನಲ್ಲ.”

ಇನ್ಸ್‌ಪೆಕ್ಟರಮ್ಮ ಅವನ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ಮೆಲ್ಲಗೆ ಚೀಲ ಬಿಚ್ಚಿ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಅದೇ ಮೆತ್ತನೆಯ ಪ್ಲಾಸ್ಟಿಕ್ಕು, ಅದೇ ಮೂತಿ.

“ಬಾಟಲಿಗೆ ಏನಾಗಿದೆ? ನಾನು ಬಾಟಲಿ ಸುದ್ದೀನೇ ಎತ್ತಲಿಲ್ಲವಲ್ಲ.”

ಟೈಲರ್ ಒಂದು ಹೆಜ್ಜೆ ಹಿಂದೆ ಸರಿದ.

“ಮಲಗು.”

“ಎಲ್ಲಿ ಮೇಡಂ?”

“ಈ ಮೇಜಿನ ಮೇಲೆ. ಅಂಗಾತ.”

ಪೇದೆ ಅವನ ತೋಳು ಹಿಡಿದ. ಕತ್ತರಿಸಿಟ್ಟ ಬಟ್ಟೆಯ ತುಂಡುಗಳ ಮೇಲೆಯೇ ಟೈಲರನನ್ನು ಕೆಡವಿದ. ತೆಳ್ಳಗಿನ ದೇಹ, ಪೇದೆಯ ಒಂದು ಮೊಣಕಾಲು ಸಾಕಾಯಿತು. ಇನ್ಸ್‌ಪೆಕ್ಟರಮ್ಮ ಬಾಟಲಿಯ ಮುಚ್ಚಳ ತಿರುಗಿಸಿ ಅವನ ಮುಖದ ಮೇಲೆ ಹಿಡಿದರು.

“ಕಣ್ಣು ಬಿಡು. ಪೆಟ್ಟಿಗೇಲಿದ್ದ ನೀರು ತಾನೇ? ನಿಮ್ಮ ಹೇಳಿಕೇಲಿ ಹಾಗೇ ಇದೆ. ತೊಳೆಯೋ ನೀರು.”

“ಬೇಡ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ.”

“ಕಾಲಿಗೆ ಆಮೇಲೆ ಬೀಳುವೆಯಂತೆ. ಈಗ ಕಣ್ಣು ಬಿಡು.”

“ಬೇಡ! ಅದು ನೀರಲ್ಲ! ಅದು ಸುಣ್ಣ!”

ಒಳಕೋಣೆಯಲ್ಲಿ ಮಷೀನಿನ ಸದ್ದು ನಿಂತಿತು.

ಇನ್ಸ್‌ಪೆಕ್ಟರಮ್ಮ ಬಾಟಲಿ ಒತ್ತಿಯೇ ಬಿಟ್ಟರು. ಟೈಲರ್ ಕೋಳಿ ಕೊಯ್ದ ಹಾಗೆ ಅರಚಿದ. ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿದ. ನೀರು ಕಣ್ಣಿಗೆ ಬೀಳದೆ ಕಿವಿಯೊಳಗೆ, ಕತ್ತಿನ ಮೇಲೆ, ಪೇದೆಯ ತೋಳಿನ ಮೇಲೆ ಬಿತ್ತು. ಅರ್ಧ ಬಾಟಲಿ ಖಾಲಿಯಾದರೂ ಕಣ್ಣಿಗೆ ಸೋಕಿದ್ದು ನಾಲ್ಕೇ ಹನಿ.

“ನಲ್ಲಿ ನೀರು ಕಣೋ ಇದು,” ಎಂದರು ಇನ್ಸ್‌ಪೆಕ್ಟರಮ್ಮ. “ಈಗ ಹೇಳು. ಆ ದಿನದ ಬಾಟಲೀಲಿ ಸುಣ್ಣ ಇತ್ತು ಅಂತ ನಾನು ಇನ್ನೂ ಯಾರಿಗೂ ಹೇಳಿಲ್ಲ. ಡಾಕ್ಟರೂ ಹೇಳಿಲ್ಲ. ನಿನಗೆ ಹೇಗೆ ಗೊತ್ತಾಯ್ತು?”

ಟೈಲರ್ ಎದ್ದು ಕೂತ. ಬಟ್ಟೆಯ ತುಂಡಿನಿಂದ ಮುಖ ಒರೆಸಿಕೊಂಡ.

“ಮೇಷ್ಟ್ರೇ ಕೂಗಿದ್ರು,” ಎಂದ ಸಣ್ಣ ದನಿಯಲ್ಲಿ. “ಮೊದಲ ಹನಿ ಬೀಳ್ತಿದ್ದ ಹಾಗೇ. ‘ಇದು ನೀರಲ್ಲ, ಸುಣ್ಣ, ಬಿಡ್ರೋ’ ಅಂತ. ನಲವತ್ತು ವರ್ಷ ಸುಣ್ಣ ಬಣ್ಣದಲ್ಲೇ ಬದುಕಿದೋರು, ಅವರಿಗೆ ಗೊತ್ತಾಗಲ್ವಾ?”

“ನೀವು?”

“ಉರಿಗೆ ಹಾಗಂತಾರೆ ಅಂದ್ಕೊಂಡ್ವಿ. ಟೀಚರಮ್ಮ ‘ಗಟ್ಟಿಯಾಗಿ ಹಿಡೀರಿ, ಪೂರ್ತಿ ಬಾಟಲಿ ಹಾಕಿ’ ಅಂದ್ರು. ಹಿಡಿದ್ವಿ.”

“ಎಷ್ಟು ಹೊತ್ತು?”

ಅವನು ಒದ್ದೆಯಾದ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಮಡಿಸತೊಡಗಿದ.

“ಒಂಬತ್ತು ಜನ,” ಎಂದರು ಇನ್ಸ್‌ಪೆಕ್ಟರಮ್ಮ. “ಒಬ್ಬ ಮನುಷ್ಯ ಬಿಡ್ರೋ ಅಂತ ಬೇಡ್ಕೋತಿದ್ದಾನೆ, ಒಂಬತ್ತು ಜನ ಹಿಡ್ಕೊಂಡು ಕೂತಿದ್ದೀರಿ. ಓಣಿಯೋರು ಒಗ್ಗಟ್ಟಾಗ್ಲಿ ಅಂತ ತಾನೇ ಬಳಗ ಕಟ್ಟಿದ್ದು? ಚೆನ್ನಾಗೇ ಆಗಿದ್ದೀರಿ. ಆಮೇಲೆ ‘ಬರೀ ಅರಚಾಡಿದ್ರು, ಒಂದು ಮಾತೂ ತಿಳೀಲಿಲ್ಲ’ ಅಂತ ಒಂಬತ್ತೂ ಜನ ಒಂದೇ ಬಾಯಲ್ಲಿ ಬರೆಸಿದ್ರಿ. ಡಿಕ್ಟೇಶನ್ ಕೊಟ್ಟಿದ್ದೂ ಟೀಚರಮ್ಮನೇನಾ?”

“ಕೇಳಿಸಿತು ಅಂದ್ರೆ ಎಲ್ಲರೂ ಜೈಲಿಗೆ ಹೋಗ್ತೀವಿ ಅಂದ್ರು.” ಅವನು ಅಳತೊಡಗಿದ.

ಅವನ ಅಳುವಿಗೆ ಯಾರೂ ಗಮನ ಕೊಡಲಿಲ್ಲ. ಇನ್ಸ್‌ಪೆಕ್ಟರಮ್ಮ ಮೇಜಿನ ಮೇಲೆ ಚೆಲ್ಲಿದ್ದ ನೀರನ್ನು ನೋಡುತ್ತಿದ್ದರು. ಬೆರಳಿನಿಂದ ಅದರಲ್ಲಿ ಗೆರೆ ಎಳೆದರು. ಎರಡು ಕೈ, ಎರಡು ಕಾಲು.

“ಬಲಗೈಗೆ ಇಬ್ಬರು, ಎಡಗೈಗೆ ಇಬ್ಬರು,” ಎಂದು ಗೊಣಗಿಕೊಂಡರು. “ಒಂದೊಂದು ಕಾಲಿಗೆ ಇಬ್ಬಿಬ್ಬರು. ನೀನು ಬಲಗಾಲು. ಎದೆ ಮೇಲೆ ಕೈಯೂರಿದ್ದು ಟೀಚರಮ್ಮ. ಒಂಬತ್ತಾಯ್ತು. ನೀರು ಹಾಕಿದ್ದು ನಿನ್ನ ಮಗಳು.”

“ಅವಳು ಹತ್ತಿರ ಇದ್ಲು, ಓಡಿ ಹೋಗಿ ಪೆಟ್ಟಿಗೇಲಿದ್ದ ಬಾಟಲಿ ತಂದ್ಲು. ಅವಳಿಗೇನೂ ಗೊತ್ತಿಲ್ಲ ಮೇಡಂ!”

“ಪೇದೆ ನಿನ್ನ ಮೈ ಪೂರ್ತಿ ಹಿಡಿದಿದ್ದ. ಆದ್ರೂ ನನ್ನ ಕೈಲಿ ನಿನ್ನ ಕಣ್ಣಿಗೆ ನಾಲ್ಕು ಹನಿ ಹಾಕೋಕಾಗಲಿಲ್ಲ. ಮೇಷ್ಟ್ರ ಎರಡೂ ಕಣ್ಣಿಗೆ ಹತ್ತಿರ ಹತ್ತಿರ ಪೂರ್ತಿ ಬಾಟಲಿ ಹೋಗಿದೆ. ಅವರ ತಲೆ ಹಿಡಿದಿದ್ದು ಯಾರು?”

ಟೈಲರನ ಅಳು ತಟ್ಟನೆ ನಿಂತಿತು. ಅವನು ಬಾಗಿಲ ಕಡೆ ನೋಡಿದ. ಎದುರುಗೋಡೆಯ ನಲವತ್ಮೂರು ಮುಖಗಳೂ ಅವನನ್ನೇ ನೋಡುತ್ತಿದ್ದವು.

“ಯಾರೂ ಇರಲಿಲ್ಲ.”

“ಯಾರೋ ಇದ್ರು.”

“ಹೇಳಲ್ಲ ಅಂತ ಮಾತು ಕೊಟ್ಟಿದ್ದೀವಿ ಮೇಡಂ. ಮೊದಲೇ ನೊಂದಿರೋ ಜೀವ. ಆ ಹೆಸರು ಠಾಣೆ ಕಾಗದದಲ್ಲಿ ಬರೋದು ಬೇಡ ಅಂತ ಟೀಚರಮ್ಮ—”

“ಅಪ್ಪ, ಸಾಕು.”

ಒಳಕೋಣೆಯ ಪರದೆ ಸರಿಯಿತು. ಟೈಲರನ ಮಗಳು ಹೊರಗೆ ಬಂದಳು. ಸೆರಗು ಹೆಗಲ ಮೇಲಿತ್ತು, ಮುಖದ ಮೇಲಿರಲಿಲ್ಲ. ಗೋಡೆಯ ಮೇಲಿನ ಮುಖಕ್ಕೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.

“ಒಳಗೆ ಹೋಗಮ್ಮ,” ಎಂದ ಟೈಲರ್.

“ಇಪ್ಪತ್ತು ವರ್ಷದಿಂದ ಒಳಗೇ ಇದ್ದೀನಿ.” ಅವಳು ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿದಳು. “ಮೇಷ್ಟ್ರು ನನ್ನ ಮುಖ ಕದ್ದು ಬರೀಲಿಲ್ಲ ಮೇಡಂ. ನಾನೇ ಹೋಗಿ ಕೇಳಿದ್ದು. ನಾಲ್ಕು ಶನಿವಾರ ಮಧ್ಯಾಹ್ನ ಅವರ ಮನೆ ಜಗುಲೀಲಿ ಕೂತಿದ್ದೆ. ಇದ್ದದ್ದು ಇದ್ದ ಹಾಗೆ ಬರೀರಿ ಅಂದೆ. ಅವರು ಗಂಟೆಗಟ್ಟಲೆ ನೋಡ್ತಿದ್ರು. ಒಂದು ಸಲಾನೂ ಕಣ್ಣು ಆ ಕಡೆ ತಿರುಗಿಸಲಿಲ್ಲ.” ಅವಳು ಅಪ್ಪನ ಕಡೆ ತಿರುಗಿದಳು. “ನೀನೂ ನನ್ನ ಅಷ್ಟು ಹೊತ್ತು ನೋಡಿಲ್ಲ ಅಪ್ಪ.”

ಟೈಲರ್ ತಲೆ ತಗ್ಗಿಸಿದ. ಮಗಳ ಮಾನಕ್ಕೆಂದು ಅವನು ಬಚ್ಚಿಟ್ಟ ಕನ್ನಡಕ ಮೇಜಿನ ಮೇಲೆ ಬಿದ್ದಿತ್ತು. ಇನ್ಸ್‌ಪೆಕ್ಟರಮ್ಮ ಅದನ್ನು ಬೆರಳ ತುದಿಯಿಂದ ಅವನ ಕಡೆಗೆ ತಳ್ಳಿದರು.

“ನಿನ್ನ ಮಗಳನ್ನ ಕಣ್ತುಂಬ ನೋಡ್ತಿದ್ದ ಒಬ್ಬನೇ ಒಬ್ಬ ಮನುಷ್ಯ. ಅವನ ಕಣ್ಣಿಗೆ ಸುಣ್ಣ ಬೀಳೋಕೆ ಬಾಗಿಲು ತೆಗೆದುಕೊಟ್ಟೋನು ನೀನು. ಇಟ್ಕೋ ಇದನ್ನ, ಸಾಯೋವರೆಗೂ ಇಟ್ಕೋ.” ಮತ್ತೆ ಮಗಳ ಕಡೆ ನೋಡಿದರು. “ತಲೆ ಹಿಡಿದಿದ್ದು ಯಾರಮ್ಮ?”

“ಅಕ್ಕ. ಮೇಷ್ಟ್ರ ಹೆಂಡ್ತಿ.”

ಪೇದೆ ‘ಹಾಂ’ ಎಂದ.

ಆ ಹೊತ್ತಿನಲ್ಲಿ ತಾನು ಮನೆಯಲ್ಲಿ ಬಟ್ಟೆ ನೆನೆಸುತ್ತಿದ್ದೆ, ಆಂಬುಲೆನ್ಸ್ ಹೋದ ಮೇಲೆಯೇ ಸುದ್ದಿ ತಿಳಿದದ್ದು ಎಂದು ಹೇಳಿಕೆ ಕೊಟ್ಟ ಹೆಂಗಸು ಅದು. ಹತ್ತು ದಿನ ಆಸ್ಪತ್ರೆಯಲ್ಲಿ ಗಂಡನ ಮಂಚ ಬಿಟ್ಟು ಕದಲದ ಹೆಂಗಸು. ಮೇಷ್ಟ್ರ ಹೇಳಿಕೆ ಪಡೆಯಲು ಹೋದಾಗಲೆಲ್ಲ ‘ಈಗ ತಾನೇ ನಿದ್ದೆ ಹತ್ತಿದೆ’ ಎಂದು ತಡೆದಿದ್ದೂ ಆಕೆಯೇ. ಇನ್ಸ್‌ಪೆಕ್ಟರಮ್ಮನೇ ಆಕೆಯ ಬೆನ್ನು ಸವರಿ ಸಮಾಧಾನ ಹೇಳಿದ್ದರು.

“ಎಲ್ಲಿಂದ ಬಂದ್ರೋ ನೋಡಲಿಲ್ಲ,” ಎಂದಳು ಹುಡುಗಿ. “ನಾನು ಬಾಟಲಿ ತರೋಷ್ಟರಲ್ಲಿ ಮೇಷ್ಟ್ರ ತಲೇನ ಎರಡು ಮೊಣಕಾಲಿನ ಮಧ್ಯೆ ಇಟ್ಕೊಂಡು ಕೂತಿದ್ರು. ಎರಡೂ ಹೆಬ್ಬೆರಳಲ್ಲಿ ರೆಪ್ಪೆ ಬಿಡಿಸಿ ಹಿಡಿದ್ರು. ‘ಹಾಕು ಮಗಳೇ, ಹೆದರ್ಬೇಡ’ ಅಂದ್ರು. ನಾನು ಹಾಕ್ದೆ. ಮೇಷ್ಟ್ರು ಸುಣ್ಣ ಸುಣ್ಣ ಅಂತ ಕೂಗ್ತಿದ್ರೂ ಹಾಕ್ದೆ. ಅಕ್ಕನಿಗಿಂತ ಹೆಚ್ಚಾಗಿ ಅವರ ಒಳ್ಳೇದು ಬಯಸೋರು ಯಾರು ಅಂತ.”

ಅವಳ ಬೆರಳುಗಳು ಸೆರಗಿನ ಅಂಚನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದವು.

“ಇನ್ನೇನಾದ್ರೂ ಹೇಳಿದ್ರಾ ಆ ಅಕ್ಕ?”

“ನನಗಲ್ಲ. ಬಾಟಲಿ ಮುಗೀತಾ ಬಂದಾಗ ಬಗ್ಗಿ ಮೇಷ್ಟ್ರ ಕಿವೀಲಿ ಹೇಳಿದ್ರು. ‘ಇನ್ನು ಯಾರನ್ನೂ ನೋಡೋ ಕಷ್ಟ ಇಲ್ಲ ಬಿಡಿ’ ಅಂತ.”

ಪೇದೆ ಗೋಡೆಯ ಕಡೆ ನೋಡಿದ. ಹತ್ತು ದಿನದಿಂದ ಆ ಮುಖಗಳನ್ನು ನೋಡುತ್ತಿದ್ದವನು ಈಗ ಬಾಗಿಲಿಗೆ ಹೋಗಿ ಒಂದೊಂದಾಗಿ ಬೆರಳು ಮಡಿಸಿ ಎಣಿಸಿದ. ಹಾಲಿನವನಿದ್ದ, ಟೀಚರಮ್ಮ ಇದ್ದರು, ಓಣಿಯ ಕುಂಟ ನಾಯಿಯೂ ಇತ್ತು.

“ಮೇಡಂ, ಮೇಷ್ಟ್ರ ಹೆಂಡ್ತಿ ಎಲ್ಲೂ ಇಲ್ಲ.”

“ಇಲ್ಲ,” ಎಂದಳು ಹುಡುಗಿ. “ಕೊನೇ ಶನಿವಾರ ಅಕ್ಕ ನನಗೆ ಅದನ್ನೇ ಹೇಳಿದ್ರು. ‘ಮೂವತ್ತು ವರ್ಷ ಆಯ್ತು ನನ್ನನ್ನ ಮದುವೆ ಆಗಿ. ನನ್ನ ಕಡೆ ನೋಡು ಅಂದ್ರೆ, ನಿನ್ನಲ್ಲಿ ನೋಡೋಕೇನಿದೆ ಅಂತಾರೆ’ ಅಂದ್ರು. ನಗ್ತಾನೇ ಅಂದ್ರು.”

ಇನ್ಸ್‌ಪೆಕ್ಟರಮ್ಮ ಚೀಲ ಎತ್ತಿಕೊಂಡರು. “ಆಸ್ಪತ್ರೆಗೆ ನಡಿ.”

ಪೇದೆ ಕದಲಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು. “ಆಸ್ಪತ್ರೇಲಿಲ್ಲ ಮೇಡಂ. ಬೆಳಗ್ಗೆ ಮನೆಗೆ ಕರ್ಕೊಂಡು ಹೋದ್ರು. ಎರಡು ಗಂಟೆಗೊಂದು ಸಲ ಔಷಧಿ ಹನಿ ಹಾಕ್ಬೇಕು, ಅಷ್ಟೇ, ಹೆಂಡ್ತೀನೇ ಹಾಕ್ತಾರೆ ಅಂದ್ರು ಡಾಕ್ಟರು. ಪರವಾಗಿಲ್ಲ ಅಂತ ಸಹಿ ಹಾಕಿದ್ದು… ನೀವೇ.”

* * *

ಮೇಷ್ಟ್ರ ಮನೆ ಓಣಿಯ ಕೊನೆಯಲ್ಲಿ, ಕಮಾನು ದಾಟಿದ ಮೇಲೆ. ಕಮಾನಿನ ಅರ್ಧ ಬೆಳ್ಳಗಿತ್ತು, ಉಳಿದರ್ಧ ಹಾಗೆಯೇ ಕಪ್ಪಗಿತ್ತು. ಕಲ್ಲುಬೆಂಚಿನ ಮೇಲೆ ಕೂತಿದ್ದ ಬಳಗದ ಇಬ್ಬರು ಪೊಲೀಸರನ್ನು ಕಂಡು ಎದ್ದು ನಿಂತರು. ಇನ್ಸ್‌ಪೆಕ್ಟರಮ್ಮನ ನಡಿಗೆ ಕಂಡು ಮತ್ತೆ ಕೂತರು.

ಜಗುಲಿಯ ಮೇಲೆ ಎರಡು ಜೊತೆ ಹೆಂಗಸರ ಚಪ್ಪಲಿ, ಒಂದಕ್ಕೆ ಹಸಿರು ಪಟ್ಟಿ. ಇನ್ಸ್‌ಪೆಕ್ಟರಮ್ಮ ಬಾಗಿಲು ತಟ್ಟಿದರು. ಒಳಗೆ ಪಾತ್ರೆ ಇಟ್ಟ ಸದ್ದು. ಹೆಜ್ಜೆ. ಅಗುಳಿ ಸರಿಯಿತು.

ಬಾಗಿಲು ಒಂದು ಗೇಣು ತೆರೆಯಿತು. ಮೇಷ್ಟ್ರ ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ಒಗೆದ ಸೀರೆ, ಒಪ್ಪವಾಗಿ ಬಾಚಿದ ತಲೆ, ಬಲಗೈಯಲ್ಲಿ ಔಷಧಿಯ ಸಣ್ಣ ಡ್ರಾಪರು. ಅದರ ತುದಿಯಲ್ಲಿ ಒಂದು ಹನಿ ನಿಂತಿತ್ತು. ತಿಳಿಯಾದ ಹನಿ.

ಅವಳು ಇನ್ಸ್‌ಪೆಕ್ಟರಮ್ಮನನ್ನು ನೋಡಿದಳು. ಪೇದೆಯನ್ನು ನೋಡಿದಳು. ಅವರ ಹಿಂದೆ, ಓಣಿಯ ನಡುವೆ ಬಂದು ನಿಂತಿದ್ದ ಟೈಲರನ ಮಗಳನ್ನು ನೋಡಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

“ಯಾರೇ ಅದು?” ಒಳಗಿನಿಂದ ಮೇಷ್ಟ್ರ ದನಿ ಬಂತು. ಹತ್ತು ದಿನದಲ್ಲಿ ಇಪ್ಪತ್ತು ವರ್ಷ ಮುದಿಯಾದ ದನಿ. “ಯಾರೋ ಬಂದ ಹಾಗಿತ್ತು?”

ಇನ್ಸ್‌ಪೆಕ್ಟರಮ್ಮನ ಕಣ್ಣಿನಲ್ಲಿ ಕಣ್ಣಿಟ್ಟೇ ಅವಳು, ಒಂದಿಷ್ಟೂ ದನಿ ಏರಿಸದೆ, ಉತ್ತರ ಕೊಟ್ಟಳು.

“ಯಾರೂ ಇಲ್ಲ ರೀ. ಮನೇಲಿರೋದು ನಾವಿಬ್ಬರೇ.”

ಒಳಗೆ ಮಂಚ ಕಿರುಗುಟ್ಟಿತು.

“ಮತ್ತೆ,” ಎಂದರು ಮೇಷ್ಟ್ರು, “ನನ್ನ ತಲೆ ಹಿಡ್ಕೊಂಡಿರೋದು ಯಾರೇ?”